ಸಬಾರ್ ಡೋಲು, ಹಳೇ ಸಿಂಥ್, ನಮ್ಮ ಗೋಡೌನ್: ‘ಖಾದಿಮ್’ ಕೇಳಿದ್ದು

ಸಾಗರದಲ್ಲಿ ನಮ್ಮದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಡೊಳ್ಳು ಕುಣಿತಕ್ಕೆ ಮೈಕ್ ಇಡುವ ಕಷ್ಟ ಇಟ್ಟವರಿಗೇ ಗೊತ್ತು. ಹತ್ತಿರ ಇಟ್ಟರೆ ಒಂದೇ ಡೊಳ್ಳು ಕೇಳುತ್ತದೆ, ದೂರ ಇಟ್ಟರೆ ಎಲ್ಲಾ ಸೇರಿ ಬರೀ ಗುಡುಗು. ಅದರ ಜೊತೆಗೆ ಆರ್ಕೆಸ್ಟ್ರಾದ ಕೀಬೋರ್ಡ್ ಬಂತೋ, ಕಥೆ ಮುಗಿಯಿತು. ಎಲ್ಲಿ ಸಂದು ಸಿಕ್ಕರೂ ಅಲ್ಲಿ ಬೆರಳು ಆಡಿಸುವುದು ಕೀಬೋರ್ಡಿನವರ ಚಾಳಿ.

ಹಾಗಾಗಿ ಡೋಲಿಗೆ ಎಲೆಕ್ಟ್ರಾನಿಕ್ ಸೇರಿಸಿದ ಸಂಗೀತ ಅಂದರೆ ನನಗೆ ಮೊದಲಿಂದಲೂ ಅನುಮಾನ. ಆ ಅನುಮಾನ ಸ್ವಲ್ಪ ಕಳೆದದ್ದು ಮಾರ್ಕ್ ಅರ್ನೆಸ್ಟಸ್ ಅವರ ನ್ಡಾಗ್ಗಾ ರಿದಮ್ ಫೋರ್ಸ್ ತಂಡದ ‘ಖಾದಿಮ್’ ಕೇಳಿದ ಮೇಲೆ. 2025ರಲ್ಲಿ ಬಂದ ಆಲ್ಬಮ್. ನಾಲ್ಕೇ ಹಾಡು.

ಅರ್ನೆಸ್ಟಸ್ ಬರ್ಲಿನ್‌ನವರು. 1989ರಲ್ಲಿ ಹಾರ್ಡ್ ವ್ಯಾಕ್ಸ್ ಅನ್ನುವ ರೆಕಾರ್ಡ್ ಅಂಗಡಿ ತೆರೆದರು. ತೊಂಬತ್ತರ ದಶಕದಲ್ಲಿ ಮೊರಿಟ್ಸ್ ಫಾನ್ ಓಸ್ವಾಲ್ಡ್ ಜೊತೆ ಬೇಸಿಕ್ ಚಾನೆಲ್ ಹೆಸರಲ್ಲಿ ಟೆಕ್ನೋ, ಅಂದರೆ ಯಂತ್ರದಲ್ಲೇ ಕಟ್ಟುವ ಕುಣಿತದ ಸಂಗೀತ, ಮಾಡಿದರು. ಜಮೈಕಾದ ಡಬ್ ಕೈಚಳಕವನ್ನು ಟೆಕ್ನೋಗೆ ತಂದವರು ಇವರು. ಡಬ್ ಅಂದರೆ ಸುಲಭವಾಗಿ ಹೇಳುವುದಾದರೆ, ಮಿಕ್ಸರ್ ಮುಂದೆ ಕೂತು ಹಾಡಿನಿಂದ ಒಂದೊಂದೇ ವಾದ್ಯವನ್ನು ಹೊರಗೆ ಕಳಿಸುವುದು, ಉಳಿದದ್ದಕ್ಕೆ ಎಕೋ ಹಾಕುವುದು. ನಮ್ಮ ಕೆಲಸದವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ತಂಡದ ಉಳಿದವರು ಪಶ್ಚಿಮ ಆಫ್ರಿಕಾದ ಸೆನೆಗಲ್‌ನವರು. ಅಲ್ಲಿನ ಡೋಲು ಸಬಾರ್. ಮರ ಕೊರೆದು ಮಾಡಿದ ಒಡಲು, ಆಡಿನ ಚರ್ಮ, ಬಿಗಿ ಮಾಡಲು ಸುತ್ತ ಮರದ ಗೂಟ. ಉದ್ದದ್ದು, ಗಿಡ್ಡದ್ದು, ಅಡಿ ಮುಚ್ಚಿದ್ದು ಹೀಗೆ ಒಂದು ಸಂಸಾರವೇ ಇದೆ. ತಲೆಮಾರುಗಳಿಂದ ಇದನ್ನು ನುಡಿಸುತ್ತಾ ಬಂದದ್ದು ಗೆವೆಲ್ ಅನ್ನುವ ಹಾಡುಗಾರ, ವಾದ್ಯಗಾರ ಮನೆತನಗಳು. ಇದೇ ಡೋಲಿನ ಲಯದ ಮೇಲೆ ಬೆಳೆದ ಪಾಪ್ ಸಂಗೀತಕ್ಕೆ ಮ್ಬಲಾಖ್ ಅಂತ ಹೆಸರು. ಯೂಸು ನ್ಡೂರ್ ಹಾಡಿ ಜಗತ್ತಿಗೆ ಪರಿಚಯ ಮಾಡಿದ್ದು ಅದನ್ನೇ.

ಒಂದು ರಾತ್ರಿ ಗೋಡೌನ್‌ನಲ್ಲಿ ಹದಿನೆಂಟು ಇಂಚಿನ ಎರಡು ಬೇಸ್ ಬಾಕ್ಸ್ ಹಚ್ಚಿ ಇದನ್ನು ಹಾಕಿದೆ. ಮೊದಲು ಸೆನೆಗಲ್ ರಾಜಧಾನಿ ಡಾಕಾರ್ ಬೀದಿಯ ಗದ್ದಲ. ಆಮೇಲೆ ಡೋಲು. ಲೆಕ್ಕದ ಬಾಕಿ ಇಸಿದುಕೊಳ್ಳಲು ಬಂದಿದ್ದ ಡೊಳ್ಳು ತಂಡದ ಮಾವ ಬಾಗಿಲಲ್ಲೇ ನಿಂತುಬಿಟ್ಟರು. ಐದು ನಿಮಿಷ ಮಾತಿಲ್ಲ. ಆಮೇಲೆ ಕೇಳಿದರು, “ತಮ್ಮಾ, ಇವನ ಒಂದು ಕೈಯಲ್ಲಿ ಮಾತ್ರ ಕೋಲಿರೋದು, ಅಲ್ವಾ?”

ಹೌದು. ಸಬಾರ್‌ಗೆ ಒಂದು ಕೈಯಲ್ಲಿ ತೆಳ್ಳನೆ ಕೋಲು, ಇನ್ನೊಂದು ಬರಿಗೈ. ನಮ್ಮ ಡೊಳ್ಳಿಗೂ ಒಂದು ಕೈಗೇ ಕೋಲು, ಆದರೆ ಕೋಲು ಒಂದು ಮುಖಕ್ಕೆ, ಅಂಗೈ ಇನ್ನೊಂದು ಮುಖಕ್ಕೆ. ಅಲ್ಲಿ ಎರಡೂ ಒಂದೇ ಚರ್ಮದ ಮೇಲೆ. ಕೋಲಿನ ಏಟು ಚಟ್ ಅಂತ ಸಿಡಿಯುತ್ತದೆ, ಅಂಗೈ ಅದನ್ನು ಅಮುಕುತ್ತದೆ. ಮಾವ ಅದನ್ನು ಬರೀ ಕಿವಿಯಲ್ಲೇ ಕಂಡುಹಿಡಿದರು. ಅಷ್ಟು ಸ್ಪಷ್ಟವಾಗಿ ರೆಕಾರ್ಡ್ ಮಾಡಿದ್ದಾರೆ ಅಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಾನೇನು ಕೊಡಲಿ? ಆದರೆ ಲಯ ಎಲ್ಲಿ ತಿರುಗಿ ಬರುತ್ತದೆ ಅಂತ ಹಿಡಿಯಲು ತೊಡೆ ತಟ್ಟುತ್ತಾ ಕೂತವರು ಎರಡು ಸಲ ತಪ್ಪಿ ಬೈದುಕೊಂಡರು. ನಾನಂತೂ ಎಣಿಸುವ ಗೋಜಿಗೇ ಹೋಗಲಿಲ್ಲ.

ಈ ತಂಡದ 2016ರ ‘ಯೆರ್ಮಾಂದೆ’ಯಲ್ಲಿ ಗಿಟಾರ್ ಇತ್ತು, ಡೋಲುಗಳ ದಂಡೇ ಇತ್ತು. ಕೇಳಲು ಚೆನ್ನಾಗಿದೆ, ಆದರೆ ಜಾತ್ರೆ. ‘ಖಾದಿಮ್’ನಲ್ಲಿ ಹಾಡಿಗೆ ಒಬ್ಬರೋ ಇಬ್ಬರೋ ಡೋಲಿನವರು, ಮ್ಬೆನೆ ಜಾಟ್ಟಾ ಸೆಕ್ ಅವರ ದನಿ, ಅಷ್ಟೇ. ಉಳಿದದ್ದು ಯಂತ್ರ. ಆ ಯಂತ್ರ ಪ್ರಾಫೆಟ್-5, 1978ರಲ್ಲಿ ಬಂದ ಸಿಂಥಸೈಜರ್, ಅಂದರೆ ಕರೆಂಟಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್, ಒಂದು ಸಲಕ್ಕೆ ಐದೇ ಸ್ವರ ನುಡಿಯುವಂಥದ್ದು. ಅರ್ನೆಸ್ಟಸ್ ಆ ಐದನ್ನೂ ಖರ್ಚು ಮಾಡುವ ಆತುರದಲ್ಲಿಲ್ಲ. ಡೋಲು ಒಂದು ಮಾತು ಮುಗಿಸಿದ ಮೇಲೆ ಸಿಂಥ್ ಹಿಂದಿನಿಂದ “ಹ್ಞೂಂ” ಅನ್ನುತ್ತದೆ. ಹರಿಕಥೆಯಲ್ಲಿ ಹಿಮ್ಮೇಳದವರು ಅನ್ನುವ ಹಾಗೆ. ನಮ್ಮೂರ ಕೀಬೋರ್ಡಿನವರಿಗೆ ಇದನ್ನು ಕೂರಿಸಿ ಕೇಳಿಸಬೇಕು.

ಹಾಡೆಲ್ಲಾ ವೊಲೋಫ್ ಭಾಷೆಯಲ್ಲಿ. ನನಗೆ ಒಂದಕ್ಷರ ಬರುವುದಿಲ್ಲ. ಹುಡುಕಿ ತಿಳಿದುಕೊಂಡದ್ದು ಇಷ್ಟು: ಖಾದಿಮ್ ಅಂದರೆ ಸೇವಕ. ಮುರೀದ್ ಸೂಫಿ ಪಂಥ ಕಟ್ಟಿದ ಶೇಖ್ ಅಹ್ಮದು ಬಾಂಬಾ ಅವರನ್ನು ಭಕ್ತರು ಕರೆಯುವುದು ಹಾಗೆ. ಆಗ ಸೆನೆಗಲ್ ಆಳುತ್ತಿದ್ದ ಫ್ರೆಂಚ್ ಸರ್ಕಾರ ಅವರಿಗೆ ಹೆದರಿ 1895ರಲ್ಲಿ ಗಬಾನ್‌ಗೆ ಗಡೀಪಾರು ಮಾಡಿತ್ತು, ಮರಳಿ ಬಂದದ್ದು 1902ರಲ್ಲಿ. ಮೊದಲ ಹಾಡು ‘ಲಾಂಪ್ ಫಾಲ್’ ಅವರ ಶಿಷ್ಯ ಇಬ್ರಾ ಫಾಲ್ ಮೇಲಿನದ್ದು. ತೂಬಾ ನಗರದ ಮಸೀದಿಯ ದೊಡ್ಡ ಗೋಪುರಕ್ಕೂ ಅದೇ ಹೆಸರು. ಅಂದರೆ ಕ್ಲಬ್ಬಿನಲ್ಲಿ ಕುಣಿಯುವ ಈ ಸಂಗೀತದ ಒಳಗಿರುವುದು ಗುರುಭಕ್ತಿ. ಗುರುವಿನ ಹೆಸರು ಬಂದಾಗ ಮ್ಬೆನೆ ದನಿ ಏರುವುದನ್ನು ಕೇಳಿದರೆ ಭಾಷೆ ಬಾರದಿದ್ದರೂ ಗೊತ್ತಾಗುತ್ತದೆ. ‘ಖಾದಿಮ್’ ಹಾಡಿನಲ್ಲಂತೂ ನನಗೆ ಮೈ ಜುಮ್ಮೆಂದಿತು. ಚಾಡಿ ಮಾತಿನ ಬಗ್ಗೆ ಇರುವ ಎರಡನೇ ಹಾಡು ನನಗೆ ಅಷ್ಟು ಹಿಡಿಸಲಿಲ್ಲ. ಎಕೋ ಸ್ವಲ್ಪ ಜಾಸ್ತಿ ಅನ್ನಿಸಿತು.

ಒಂದು ತಕರಾರು ಇದೆ. ಚರ್ಮದ ಮೇಲೆ ಕೈ ಸವೆಸುವವರು ಸೆನೆಗಲ್‌ನವರು, ಗಂಟಲು ಕೊಡುವವರು ಮ್ಬೆನೆ, ತಂಡದ ಹೆಸರಿನ ಮುಂದೆ ಮಾತ್ರ ಅರ್ನೆಸ್ಟಸ್. ಇಷ್ಟು ಹಿಂದೆ ಸರಿದು ನಿಲ್ಲಬಲ್ಲ ಮನುಷ್ಯ ಹೆಸರಿನಲ್ಲೂ ಹಿಂದೆ ಸರಿಯಬಹುದಿತ್ತಲ್ವಾ?

ಫೋನಿನಲ್ಲಿ ಕೇಳಬೇಡಿ. ಬೇಸ್ ಇಲ್ಲದಿದ್ದರೆ ಅರ್ಧ ಹಾಡೇ ಇಲ್ಲ, ಯಾರೋ ಡಬ್ಬ ಬಡಿದ ಹಾಗೆ ಕೇಳುತ್ತದೆ. ಒಳ್ಳೆ ಹೆಡ್‌ಫೋನ್ ಸಾಕು, ಬಾಕ್ಸ್ ಇದ್ದರೆ ಇನ್ನೂ ಒಳ್ಳೆಯದು. ಮಾವ ಆ ರಾತ್ರಿ ನಾಲ್ಕೂ ಹಾಡು ಮುಗಿಯುವ ತನಕ ಕೂತರು. ಬಾಕಿ ಹಣ ಕೇಳುವುದನ್ನು ಮರೆತೇ ಹೋದರು. ಬೆಳಿಗ್ಗೆ ಏಳಕ್ಕೆ ಫೋನ್ ಬಂತು.