ಮಗಳ ಕಾಲುನೋವು: ಹೊಸ ಶೂ ತರೋದಾ, ಓಟ ತಿದ್ದೋದಾ?

ಮುಂಬೈಯ ಮಾಟುಂಗಾದ ನಮ್ಮ ಬಿಲ್ಡಿಂಗಿನಲ್ಲಿ ಓಡುವ ಮಕ್ಕಳು ಜಾಸ್ತಿ. ಮಳೆಗಾಲ ಮುಗಿದು ಪ್ರಾಕ್ಟೀಸ್ ಶುರುವಾದರೆ ಒಂದೇ ದೂರು: ಮೊಣಕಾಲಿನ ಕೆಳಗೆ, ಮೂಳೆಯ ಒಳಬದಿಗೆ ನೋವು. ಆಗ ಅಪ್ಪ ಅಮ್ಮ ಓಡುವುದು ಶೂ ಅಂಗಡಿಗೆ!

ಶೂ ಸುಲಭದ ದಾರಿ. ಅಡಿ ಸವೆದಿದ್ದರೆ ಬದಲಿಸಲೇಬೇಕು. ಆದರೆ ಚೆನ್ನಾಗಿರುವ ಶೂ ಬಿಟ್ಟು ಇನ್ನೂ ಮೆತ್ತಗಿನದು, ದುಬಾರಿಯದು ತಂದರೆ ನೋವು ಹೋಗುತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ.

ಓಟ ತಿದ್ದುವುದಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಶಿವಾಜಿ ಪಾರ್ಕಿನಲ್ಲಿ ನನ್ನ 14 ವರ್ಷದ ಮಗಳ ಹೆಜ್ಜೆ ಎಣಿಸಿದೆ. ನಿಮಿಷಕ್ಕೆ 156. ಕಾಲನ್ನು ಮೈಗಿಂತ ತುಂಬಾ ಮುಂದೆ ಚಾಚಿ, ಹಿಮ್ಮಡಿ ಧಪ್ ಅಂತ ಊರುತ್ತಿದ್ದಳು. ಅದೇ ವೇಗದಲ್ಲಿ ಹೆಜ್ಜೆ ಚಿಕ್ಕದು ಮಾಡಿ 164ಕ್ಕೆ, ಅಂದರೆ ಸುಮಾರು 5% ಏರಿಸಿದೆವು. ಹೆಜ್ಜೆ ಜಾಸ್ತಿಯಾದರೂ ಒಂದೊಂದು ಹೆಜ್ಜೆಯ ಪೆಟ್ಟು ಕಡಿಮೆಯಾಗುತ್ತೆ. ಮೊದಮೊದಲು ಮೀನಖಂಡ ಹಿಡಿದುಕೊಂಡಿತು, "ಅಪ್ಪಾ, ಇಲಿ ಥರ ಓಡ್ತಿದೀನಿ" ಅಂತ ಗೊಣಗಿದಳು. ಓಡುವ ದೂರವನ್ನೂ ಅರ್ಧಕ್ಕೆ ಇಳಿಸಿದ್ದೆವು. ನಿಜ ಹೇಳಬೇಕೆಂದರೆ ಹೆಚ್ಚು ಕೆಲಸ ಮಾಡಿದ್ದು ಅದೇ ಇರಬಹುದು.

ಶೂಗಿಂತ ನನ್ನ ಮತ ಓಟ ತಿದ್ದುವುದಕ್ಕೇ. ಜಾಗ ಮರೀನ್ ಡ್ರೈವಿನ ಗಟ್ಟಿ ನೆಲಕ್ಕಿಂತ ಪಾರ್ಕಿನ ಮಣ್ಣೇ ಇರಲಿ. ಜುಹೂ ಬೀಚಿನ ಒಣ ಮರಳು ಸದ್ಯಕ್ಕೆ ಬೇಡ, ಮೀನಖಂಡಕ್ಕೆ ಭಾರ.

ಆದರೆ ಮೊದಲು ಬೆರಳಿನಿಂದ ಒತ್ತಿ ನೋಡಿ. ನಾಲ್ಕು ಬೆರಳಗಲ ಹರಡಿದ ನೋವು ಬೇರೆ. ರೂಪಾಯಿ ನಾಣ್ಯದಷ್ಟು ಜಾಗದಲ್ಲೇ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆ ಬಿರುಕು ಬಿಟ್ಟಿರಬಹುದು. ಆಗ ಶೂನೂ ಬೇಡ, ಓಟನೂ ಬೇಡ. ನೇರ ಮೂಳೆ ಡಾಕ್ಟರ ಹತ್ತಿರ ಹೋಗಿ. ಶುರುವಿನ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ, ಎಂಆರ್‌ಐ ಬೇಕಾಗಬಹುದು.