80, 100, 125: ಒಂದೇ ಜಿಪ್ಸಿ ಎಂಜಿನ್, ಮೂರು ಗುರಿ

ನಾಲ್ಕು ವರ್ಷಗಳಲ್ಲಿ ಒಂದೇ ಎಂಜಿನ್ನನ್ನು ಮೂರು ಸಲ ಬಿಚ್ಚಿ, ಮೂರು ಬೇರೆ ಬೇರೆ ಗುರಿ ಇಟ್ಟುಕೊಂಡು ಕಟ್ಟಿದ್ದೇನೆ. ಮಾರುತಿ ಜಿಪ್ಸಿ ಕಿಂಗ್‌ನ 16 ವಾಲ್ವಿನ ಇಂಜೆಕ್ಷನ್ ಎಂಜಿನ್ ಅದು. 1298 ಸಿಸಿ, 74 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 75.5 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ), ಕಂಪನಿ ಹೇಳುವ ಶಕ್ತಿ ನಿಮಿಷಕ್ಕೆ 6000 ಸುತ್ತಿನಲ್ಲಿ, ಅಂದರೆ 6000 ಆರ್‌ಪಿಎಂನಲ್ಲಿ 80 ಎಚ್‌ಪಿ. ಮೊದಲ ಸಲ ಆ 80ನ್ನೇ ಮರಳಿ ಪಡೆಯುವುದು ಗುರಿಯಾಗಿತ್ತು. ಎರಡನೆಯ ಸಲ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು) ಇಲ್ಲದೆ 100, ಮೂರನೆಯ ಸಲ ಟರ್ಬೊ ಹಾಕಿ 125. ಬೋರಿಂಗ್ (ಸಿಲಿಂಡರ್ ಕೊರೆಯುವುದು), ಹೆಡ್ (ಸಿಲಿಂಡರುಗಳ ಮೇಲಿನ, ವಾಲ್ವ್ ಕೂರುವ ಭಾಗ) ಕೆಲಸವೆಲ್ಲ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಆಯಿತು. ಅಳೆಯಲು ಮಾತ್ರ ಪ್ರತಿ ಸಲವೂ ಗಾಡಿಯನ್ನು ಲಾರಿಗೆ ಹೇರಿ ಬೆಂಗಳೂರಿಗೆ ಒಯ್ದು, ಒಂದೇ ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಿದೆ. ಡೈನೊ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆಗ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ.

ಈ ಗಾಡಿ ಓಡುವುದು ಮಣ್ಣಿನ ಟ್ರ್ಯಾಕಿನಲ್ಲಿ. ಸಾರ್ವಜನಿಕ ರಸ್ತೆಯ ಗಾಡಿಗೆ ಎರಡನೆಯ, ಮೂರನೆಯ ದಾರಿ ಹಿಡಿಯಬೇಡಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಅಡ್ಡಿಯಾಗುತ್ತದೆ.

ಎಚ್‌ಪಿ ಎಂಬ ಮಾತು ನಮ್ಮ ಕಡೆ ಯಾರಿಗೂ ಹೊಸದಲ್ಲ. 45 ಎಚ್‌ಪಿ ಟ್ರ್ಯಾಕ್ಟರ್ ನವಲಗುಂದದ ಎರೆಮಣ್ಣಿನಲ್ಲಿ ನೇಗಿಲು ಎಳೆಯುತ್ತದೆ. 80 ಎಚ್‌ಪಿ ಜಿಪ್ಸಿಗೆ ಅದು ಸಾಧ್ಯವಿಲ್ಲ. ಟಾರ್ಕನ್ನು, ಅಂದರೆ ಎಂಜಿನ್ ತಿರುಗಿಸುವ ಬಲವನ್ನು, ನ್ಯೂಟನ್ ಮೀಟರಿನಲ್ಲಿ ಹಿಡಿದು, ಆರ್‌ಪಿಎಂನಿಂದ ಗುಣಿಸಿ, 7120ರಿಂದ ಭಾಗಿಸಿದರೆ ಎಚ್‌ಪಿ ಬರುತ್ತದೆ. ಟ್ರ್ಯಾಕ್ಟರ್ 2000 ಆರ್‌ಪಿಎಂನಲ್ಲೇ 45 ಎಚ್‌ಪಿ ಕೊಡಬೇಕಾದರೆ ಅದರ ಟಾರ್ಕ್ 160 ಇರಬೇಕು. ಜಿಪ್ಸಿಯ ಗರಿಷ್ಠ ಟಾರ್ಕ್ 103, ಅದೂ 4500ರಲ್ಲಿ. ಎಂಜಿನ್ ಕಟ್ಟುವವರು ಮೊದಲು ಈ ಭಾಗಾಕಾರ ಕಲಿಯಬೇಕು ಎಂಬುದು ನನ್ನ ಹಟ. ಯಾವ ಗುರಿ ಸಾಧ್ಯ, ಯಾವುದು ಬರೀ ಆಸೆ ಎಂಬುದು ಒಂದು ಸ್ಪ್ಯಾನರ್ ಹಿಡಿಯುವ ಮೊದಲೇ ಅದರಿಂದ ತಿಳಿಯುತ್ತದೆ.

ಇನ್ನೊಂದು ಸಂಗತಿಯೂ ಲೆಕ್ಕಕ್ಕೆ ಬರಬೇಕು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಶೇ. 7ರಷ್ಟು ಕಡಿಮೆ, ಆದ್ದರಿಂದ ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಬೆಂಗಳೂರು ಇನ್ನೂ ಎತ್ತರದಲ್ಲಿರುವುದರಿಂದ ಡೈನೊ ಹಾಳೆಯಲ್ಲಿ ಎರಡು ಅಂಕಿ ಇರುತ್ತವೆ. ಒಂದು ಯಂತ್ರ ಕಂಡದ್ದು, ಇನ್ನೊಂದು ಎತ್ತರ ಮತ್ತು ಬಿಸಿಲಿಗೆ ಸರಿದೂಗಿಸಿದ್ದು. ಯಾರಾದರೂ ತಮ್ಮ ಅಂಕಿ ಹೇಳಿದರೆ ಅದು ಯಾವುದು ಎಂದು ಕೇಳಿ. ಚಕ್ರದಲ್ಲಿ ಅಳೆದದ್ದೋ ಕ್ರ್ಯಾಂಕಿನ (ಶಕ್ತಿ ಎಂಜಿನ್ನಿನಿಂದ ಹೊರಬರುವ ದಂಡದ) ಅಂದಾಜೋ ಎಂಬುದನ್ನೂ ಕೇಳಿ. ಇಲ್ಲಿ ಕೊಡುವ ನನ್ನ ಅಂಕಿಗಳು ಚಕ್ರದಲ್ಲಿ ಅಳೆದವು. ಗೇರ್‌ಬಾಕ್ಸ್, ಆಕ್ಸಲ್ ತಿನ್ನುವುದು ಶೇ. 15 ಎಂದು ಹಿಡಿದಿದ್ದೇನೆ.

ಗಾಡಿ ನನ್ನ ಕೈಗೆ ಬಂದಾಗ ಚಕ್ರದಲ್ಲಿ ಇದ್ದದ್ದು 52. ಅಂದರೆ ಕ್ರ್ಯಾಂಕಿನಲ್ಲಿ 61ರ ಆಸುಪಾಸು. ಕಂಪನಿಯ 80ರಲ್ಲಿ ಕಾಲುಭಾಗ ಆಗಲೇ ಸವೆದುಹೋಗಿತ್ತು. ಕಂಪ್ರೆಷನ್, ಅಂದರೆ ಸಿಲಿಂಡರ್ ಹಿಡಿದಿಡುವ ಒತ್ತಡ, ನೋಡಿದರೆ ಒಂದು ಸಿಲಿಂಡರಿನಲ್ಲಿ 170 ಪಿಎಸ್‌ಐ, ಪಕ್ಕದ್ದರಲ್ಲಿ 120. ಬೋರಿಂಗ್ ಅಂಗಡಿಯ ಹಿರಿಯ ಮೇಸ್ತ್ರಿಯನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಅರ್ಧ ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದರೆ ಶಕ್ತಿ ಎಷ್ಟು ಹೆಚ್ಚುತ್ತದೆ ಎಂದು ಅವರನ್ನು ಕೇಳಿದೆ. "ತಮ್ಮಾ, 74.5ಕ್ಕೆ ಲೆಕ್ಕ ಹಾಕಿ ನೋಡು" ಎಂದರು. ಹಾಕಿದೆ: 1316 ಸಿಸಿ. ಹೆಚ್ಚಿದ್ದು ಬರೀ 18. ರಿಬೋರ್ ಮಾಡಿಸಿದರೆ ಶಕ್ತಿ ಏರುತ್ತದೆ ಎಂದು ನಂಬಿದವರು ಆ ಅಂಕಿಯನ್ನು ನೋಡಬೇಕು. ಶಕ್ತಿ ಮರಳುವುದು ಸಿಲಿಂಡರ್ ದುಂಡಗಾಗಿ, ಹೋನಿಂಗ್ ಗೆರೆ ಸರಿಯಾಗಿ ಬಿದ್ದು, ರಿಂಗ್ ಚೆನ್ನಾಗಿ ಕೂತು ಗಾಳಿ ಸೋರದೆ ಇರುವುದರಿಂದ. ವಾಲ್ವ್ ಸೀಟುಗಳನ್ನು ಮೂರು ಕೋನದಲ್ಲಿ ಕತ್ತರಿಸಿದರು. ಇಂಜೆಕ್ಟರುಗಳನ್ನು ತೊಳೆಸಿ, ನಾಲ್ಕೂ ಸಮನಾಗಿ ಸಿಂಪಡಿಸುವಂತೆ ಹೊಂದಿಸಿದೆ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಕೊಳವೆಗಳನ್ನೂ ಬದಲಿಸಿದೆ. ಡೈನೊದಲ್ಲಿ 66 ಬಂತು. ಕ್ರ್ಯಾಂಕಿಗೆ 78.

ಖರ್ಚು 58,000 ರೂಪಾಯಿ, ಗಳಿಕೆ ಚಕ್ರದಲ್ಲಿ 14. ಮುಂದಿನ ಎರಡು ಸಲ ಇಷ್ಟು ಅಗ್ಗಕ್ಕೆ ಒಂದು ಎಚ್‌ಪಿಯೂ ಸಿಗಲಿಲ್ಲ. ಹತ್ತು ವರ್ಷ ದಾಟಿದ ಎಂಜಿನ್ ಇಟ್ಟುಕೊಂಡು ಕ್ಯಾಮ್ (ವಾಲ್ವ್ ತೆರೆಯುವ ದಂಡ), ಟರ್ಬೊ ಹುಡುಕುವವರಿಗೆ ಮೊದಲು ಕಂಪ್ರೆಷನ್ ಗೇಜ್ ಹಿಡಿಯಿರಿ ಎಂದು ಕೈಮುಗಿದು ಹೇಳುತ್ತೇನೆ.

ಎರಡನೆಯ ಗುರಿ 100. ಮನಸ್ಸು ಕೇಳಿದ್ದು 120, ಲೆಕ್ಕ ಬೇಡವೆಂದಿತು. 7500ರಲ್ಲಿ 120 ಎಚ್‌ಪಿ ಬೇಕಾದರೆ ಆ ವೇಗದಲ್ಲೂ 114 ಟಾರ್ಕ್ ಇರಬೇಕು. ಈ ಎಂಜಿನ್ನಿನ ಗರಿಷ್ಠವೇ 103. 7000ದಲ್ಲಿ 100 ಎಂದರೆ 102 ಸಾಕು. ಅದು ಕೂಡ ಸುಲಭವಲ್ಲ, 4500ರಲ್ಲಿದ್ದ ಉಸಿರನ್ನು 7000ದವರೆಗೂ ಕಾಯ್ದುಕೊಳ್ಳಬೇಕು. ಸುಜುಕಿ ಕಂಪನಿ ಇದೇ ಅಳತೆಯ ಬೋರ್, ಸ್ಟ್ರೋಕಿಗೆ ಎರಡು ಕ್ಯಾಮ್‌ಶಾಫ್ಟಿನ ಹೆಡ್ ಕೂರಿಸಿ ಹೊರದೇಶಗಳಲ್ಲಿ ಮಾರಿದ ಸ್ವಿಫ್ಟ್ ಜಿಟಿಐ ಕೊಡುತ್ತಿದ್ದುದು ಸುಮಾರು 100 ಎಚ್‌ಪಿ. ಒಂದೇ ಕ್ಯಾಮ್‌ಶಾಫ್ಟಿನ ನಮ್ಮ ಹೆಡ್ಡಿನಿಂದ ಅದಕ್ಕಿಂತ ಹೆಚ್ಚು ಬೇಡುವುದು ನ್ಯಾಯವಲ್ಲ ಎನಿಸಿತು. 7000ದಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 17.6 ಮೀಟರ್, 8000ದಲ್ಲಿ 20 ದಾಟುತ್ತದೆ. ಎರಕದ ಪಿಸ್ಟನ್, ಕಂಪನಿಯ ಕನೆಕ್ಟಿಂಗ್ ರಾಡ್ ಇಟ್ಟುಕೊಂಡು ಅಲ್ಲಿಗೆ ಹೋಗುವ ಧೈರ್ಯ ನನಗಿರಲಿಲ್ಲ.

ಕಂಪ್ರೆಷನ್ ಅನುಪಾತವನ್ನು 9ರಿಂದ 10.2ಕ್ಕೆ ಏರಿಸಲು ಪ್ರತಿ ದಹನಕೋಶದಿಂದ 5 ಸಿಸಿಗಿಂತ ತುಸು ಹೆಚ್ಚು ಜಾಗ ಇಳಿಯಬೇಕಿತ್ತು. ಒಂದಿಡೀ ಭಾನುವಾರ ಬ್ಯುರೆಟ್‌ನಿಂದ ಎಣ್ಣೆ ಬಿಟ್ಟು ನಾಲ್ಕೂ ಕೋಶಗಳನ್ನು ಅಳೆದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ದಿನ ಅದು. ಕೋಶ ಸಣ್ಣದಾಗಲು ಹೆಡ್ಡಿನ ಅಡಿಯನ್ನು ತೆಳುವಾಗಿ ತಾಸಿ ತೆಗೆಯಬೇಕು. ಹಾಗೆ ತಾಸಿದರೆ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿಗೆ ಹತ್ತಿರವಾಗುತ್ತದೆ, ಕ್ಯಾಮ್ ಟೈಮಿಂಗ್ ಸ್ವಲ್ಪ ಹಿಂದೆ ಸರಿಯುತ್ತದೆ. ಹೊಂದಿಸಬಲ್ಲ ಪುಲ್ಲಿ ಹಾಕದೆ ಬೇರೆ ದಾರಿ ಇಲ್ಲ. ಹೆಚ್ಚು ಲಿಫ್ಟಿನ ಕ್ಯಾಮ್, ಗಟ್ಟಿ ವಾಲ್ವ್ ಸ್ಪ್ರಿಂಗ್, ನಾಲ್ಕು ಹೊಗೆಕೊಳವೆ ಒಂದಾಗುವ ಹೆಡರ್, ಪ್ರೋಗ್ರಾಂ ಮಾಡಬಲ್ಲ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹಾಕಿದೆ. ಪಿಸ್ಟನ್ ಮೇಲೆ ಮಕ್ಕಳು ಆಡುವ ಕ್ಲೇ ಹಚ್ಚಿ, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ವಾಲ್ವ್ ತಾಗುವುದಿಲ್ಲ ಎಂದು ನೋಡಿಕೊಂಡೆ. ಮೊದಲಿನ ಖರ್ಚಿನ ಮೇಲೆ ಮತ್ತೆ 1,45,000.

ಡೈನೊ ಕಂಡದ್ದು 72, ಸರಿದೂಗಿಸಿದ ಮೇಲೆ 80. ಕ್ರ್ಯಾಂಕಿಗೆ 94. ನೂರು ಮುಟ್ಟಲಿಲ್ಲ. ಆದರೂ ನಾನು ಮನಸಾರೆ ಮೆಚ್ಚುವ ಎಂಜಿನ್ ಇದೇ. 4500 ದಾಟಿದ ಮೇಲೆ ಅದರ ದನಿ ಬಿಗಿಯಾಗುತ್ತದೆ. ಎಕ್ಸಿಲರೇಟರ್ ಒತ್ತಿದಷ್ಟೇ ಶಕ್ತಿ ಬರುತ್ತದೆ, ಬಿಟ್ಟ ಕ್ಷಣ ಇಳಿಯುತ್ತದೆ. ಜಾರುವ ಮಣ್ಣಿನ ತಿರುವಿನಲ್ಲಿ ಗಾಡಿಯನ್ನು ಕಾಲಿನಿಂದಲೇ ತಿರುಗಿಸಬಹುದು. ಎರಡು ಹಂಗಾಮು ಓಡಿಸಿದೆ. ಎಣ್ಣೆ, ಪ್ಲಗ್, ವಾಲ್ವ್ ಸಂದು ಬಿಟ್ಟು ಬೇರೇನನ್ನೂ ಅದು ಕೇಳಲಿಲ್ಲ. ಕೊರತೆಯೂ ಇದೆ. 3000ದ ಕೆಳಗೆ ಮೊದಲ ಎಂಜಿನ್ನಿಗಿಂತ ಎಳೆತ ಕಡಿಮೆ, ಐಡ್ಲಿಂಗ್ ನಡುಗುತ್ತದೆ, ಮಳೆಗಾಲದ ಎರೆಹೊಲದಲ್ಲಿ ನಿಧಾನಕ್ಕೆ ತೆವಳಬೇಕಾದ ಕಡೆ ಆಫ್ ಆಗಿಬಿಡುತ್ತದೆ. ಹೊಲದ ದಾರಿಗೆ ಜಿಪ್ಸಿ ಬೇಕಾದವರಿಗೆ ಇದು ತಪ್ಪು ಆಯ್ಕೆ.

ಟರ್ಬೊ ಹಾಕಿದ್ದು ಆ ಕೆಳಗಿನ ಎಳೆತದ ಆಸೆಗೇ. ಕಂಪನಿಯ ಕ್ಯಾಮ್ ಮರಳಿ ಹಾಕಿ, ಬೇರೆ ಹೆಡ್ ತಂದು ಅನುಪಾತವನ್ನು 9ಕ್ಕೆ ಇಳಿಸಿ, ಡೀಸೆಲ್ ಕಾರಿನಿಂದ ಬಿಚ್ಚಿದ ಸಣ್ಣ ಟರ್ಬೊ ಕೂರಿಸಿದೆ. ಅರ್ಧ ಬಾರ್ ಬೂಸ್ಟ್ (ಟರ್ಬೊ ತುಂಬುವ ಹೆಚ್ಚಿನ ಒತ್ತಡ). 125 ಎಚ್‌ಪಿಗೆ ಇಂಜೆಕ್ಟರ್ ಪ್ರತಿಯೊಂದೂ ನಿಮಿಷಕ್ಕೆ ಸುಮಾರು 225 ಸಿಸಿ ಹರಿಸಬೇಕು. ಎಥೆನಾಲ್ ಬೆರೆತ ಪೆಟ್ರೋಲ್ ಶೇ. 8ರಷ್ಟು ಹೆಚ್ಚು ಬೇಡುವುದರಿಂದ 240 ಮೀರಿದ್ದನ್ನು ತರಿಸಿದೆ. ಖರ್ಚು 1,90,000. ಯಂತ್ರ ಕಂಡದ್ದು 101, ಹಾಳೆಯ ತಿದ್ದಿದ ಅಂಕಿ 112. ಆ 112ನ್ನು ನಾನು ನಂಬುವುದಿಲ್ಲ. ಎತ್ತರದಲ್ಲಿ ಕಳೆದುಹೋದದ್ದನ್ನು ಟರ್ಬೊ ತಾನೇ ಒಂದಷ್ಟು ತುಂಬಿಕೊಡುತ್ತದೆ, ಅದರ ಮೇಲೆ ಮತ್ತೆ ಪೂರ್ತಿ ಸೇರಿಸಿದರೆ ಅಂಕಿ ಉಬ್ಬುತ್ತದೆ. 105 ಎಂದಿಟ್ಟುಕೊಂಡರೆ ಕ್ರ್ಯಾಂಕಿಗೆ 124.

ಗುರಿ ಮುಟ್ಟಿತ್ತು. 3000ದಿಂದಲೇ ಬೆನ್ನು ಸೀಟಿಗೆ ಅಂಟುತ್ತಿತ್ತು. ಜನವರಿಯ ಚಳಿಯಲ್ಲಿ ಮೂರು ಭಾನುವಾರ ಅದರಷ್ಟು ಸಂತೋಷ ಬೇರಾವುದರಿಂದಲೂ ಸಿಗಲಿಲ್ಲ. ನಂತರ ಕ್ಲಚ್ ಜಾರಲು ಶುರುವಾಯಿತು. 103 ಟಾರ್ಕಿಗೆ ಮಾಡಿದ ಕ್ಲಚ್ 150 ಹೊರುವುದು ಹೇಗೆ? ಮಾರ್ಚಿನಲ್ಲಿ ಟರ್ಬೊದ ಟರ್ಬೈನ್ ಕವಚ ಸೀಳಿತು. ಪೆಟ್ರೋಲ್ ಎಂಜಿನ್ನಿನ ಹೊಗೆ ಡೀಸೆಲ್ಲಿನದಕ್ಕಿಂತ ಬಹಳ ಬಿಸಿ, ಆ ಎರಕ ಅಷ್ಟು ಬಿಸಿಗೆ ಮಾಡಿದ್ದಲ್ಲ. ಬೇರೆ ತಂದು ಹಾಕಿದೆ. ಏಪ್ರಿಲ್ ಬಂತು. ಹೊರಗೆ 38 ಡಿಗ್ರಿ, ಇಂಟರ್‌ಕೂಲರ್ (ಟರ್ಬೊದ ಗಾಳಿ ತಣಿಸುವ ಜಾಲರಿ) ದಾಟಿ ಬಂದ ಗಾಳಿಯೇ 65. ಇಗ್ನಿಷನ್ ಟೈಮಿಂಗನ್ನು ಚಳಿಗಾಲದಲ್ಲಿ ಹೊಂದಿಸಿದ್ದೆ, ಬಿಸಿಲಿಗೆ ಹಿಂದೆ ಸರಿಸಿರಲಿಲ್ಲ. ಆ ತಪ್ಪು ಪೂರ್ತಿ ನನ್ನದು. ಎಂಜಿನ್ ನಾಕ್ ಆದದ್ದು (ಸಿಲಿಂಡರಿನಲ್ಲಿ ಇಂಧನ ತಾನೇ ಸಿಡಿದ ಸದ್ದು) ಹೆಲ್ಮೆಟ್ಟಿನೊಳಗೆ ಕೇಳಿಸಲಿಲ್ಲ. ಬಿಚ್ಚಿದಾಗ ಮೂರನೆಯ ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ಅಂಚು ಮುರಿದು, ಚೂರು ಸಿಲಿಂಡರ್ ಗೋಡೆಯನ್ನು ಉದ್ದಕ್ಕೆ ಗೀರಿತ್ತು. ಕಾಕಾ ಬೆರಳಿನಿಂದ ಆ ಗೀರನ್ನು ಸವರಿ, "ಇದು ಸ್ಲೀವ್ ಕೇಳುತ್ತದೆ ತಮ್ಮಾ" ಎಂದಷ್ಟೇ ಹೇಳಿದರು. ಸ್ಲೀವ್ ಎಂದರೆ ಸಿಲಿಂಡರಿನೊಳಗೆ ಕೂರಿಸುವ ಹೊಸ ಕೊಳವೆ.

ಫೋರ್ಜ್ಡ್ ಪಿಸ್ಟನ್, ಪೆಟ್ರೋಲ್ ಎಂಜಿನ್ನಿನ ಟರ್ಬೊ, ದೊಡ್ಡ ಇಂಟರ್‌ಕೂಲರ್, ಗಟ್ಟಿ ಕ್ಲಚ್ ಹಾಕಿದರೆ 125 ಬಾಳುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದರ ಖರ್ಚು ನಾನು ಮಾಡಿದ್ದರ ಎರಡು ಪಟ್ಟಾಗುತ್ತದೆ. ಅಷ್ಟು ಹಣ ಇಲ್ಲದಿದ್ದರೆ ಗುರಿಯನ್ನು ಇಳಿಸಿ, ಭಾಗಗಳ ಗುಣವನ್ನು ಇಳಿಸಬೇಡಿ. ನಾನು ಮಾಡಿದ್ದು ತಿರುಗುಮುರುಗು.

ಬ್ಲಾಕಿಗೆ ಸ್ಲೀವ್ ಹಾಕಿಸಿ 74ರ ಬೋರಿಗೆ ಮರಳಿದ್ದೇನೆ. ಎರಡನೆಯ ಸಲ ಕಟ್ಟಿದ ಎಂಜಿನ್ನಿನ ಹೆಡ್, ಹೆಡರ್, ಇಸಿಯು ಮತ್ತೆ ಬರುತ್ತಿವೆ, ಕ್ಯಾಮ್ ಮಾತ್ರ ಒಂದು ಹಂತ ಸಣ್ಣದು. ಚಕ್ರದಲ್ಲಿ 75 ಬರಬೇಕು, 2500ರಿಂದಲೇ ಎಳೆಯಬೇಕು. ಹೆಡ್ ಸೋಮವಾರ ಸೀಟ್ ಕಟಿಂಗಿಗೆ ಹೋಗುತ್ತದೆ.