‘ಗುಹೆ ಒಳಗೆ ಸೇಫ್’ ಅಂತ ಯಾರಾದರೂ ಕರೆದರೆ

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಆಡುವವರು ಇದನ್ನು ಓದಿ. ಅದರಲ್ಲೂ ಒಂದೆರಡು ವರ್ಷ ಆಡಿ, ‘ನನಗೆ ಯಾರೂ ಟೋಪಿ ಹಾಕೋಕಾಗಲ್ಲ’ ಅನ್ನುವ ಮಟ್ಟಕ್ಕೆ ಬಂದವರು. ನಾನೂ ಹಾಗೇ ಅಂದುಕೊಂಡಿದ್ದೆ. ಹನ್ನೊಂದು ತಿಂಗಳು ಕೂಡಿಹಾಕಿದ್ದು ಅರ್ಧ ನಿಮಿಷದಲ್ಲಿ ಹೋಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಆಟ ಶುರುವಾಗಿದ್ದು 2001ರಲ್ಲಿ, ಇಂಗ್ಲೆಂಡಿನಲ್ಲಿ. ಕಾಲ ಹೋದಂತೆ ಅದು ಬದಲಾಯಿತು, ಹಳಬರಿಗೆ ಬೇಜಾರಾಯಿತು. ಆಮೇಲೆ 2007ರ ಒಂದು ಬ್ಯಾಕಪ್ ಹಿಡಿದು, 2013ರ ಫೆಬ್ರವರಿಯಲ್ಲಿ ಹಳೇ ರೂಪವನ್ನೇ ಮತ್ತೆ ಬಿಟ್ಟರು. ಅದೇ ಓಲ್ಡ್ ಸ್ಕೂಲ್. ಚಿತ್ರ ನೋಡಿದರೆ ನಗು ಬರುತ್ತೆ, ಮುಖ ಮೂಗು ಎಲ್ಲಾ ಚೌಕ ಚೌಕ. ಆದರೆ ಬಿಡೋಕಾಗಲ್ಲ. ಒಂದು ಸ್ಕಿಲ್ 99ಕ್ಕೆ ಮುಟ್ಟಬೇಕಾದರೆ 1,30,34,431 ಎಕ್ಸ್‌ಪಿ, ಅಂದರೆ ಅನುಭವದ ಅಂಕ ಬೇಕು. 92ನೇ ಲೆವೆಲ್‌ಗೆ ಬಂದಾಗ ನೀವು ಇನ್ನೂ ಅರ್ಧ ದಾರಿಯಲ್ಲಿ ಇರ್ತೀರಿ. 2018ರಲ್ಲಿ ಮೊಬೈಲಿಗೂ ಬಂತು. ನಾನು ಮೆಟ್ರೋದಲ್ಲಿ ನಿಂತುಕೊಂಡೇ ಮೀನು ಹಿಡಿದವನು.

ಮೋಸಗಳೂ ಈ ಆಟದಷ್ಟೇ ಹಳೆಯವು. ಆಟದೊಳಗಿನ ವ್ಯಾರಕ್ ಊರಿನ ಸಂತೆ, ಗ್ರ್ಯಾಂಡ್ ಎಕ್ಸ್‌ಚೇಂಜ್‌ನಲ್ಲಿ ಐದು ನಿಮಿಷ ನಿಂತರೆ ಸಾಕು. ದುಡ್ಡು ಡಬಲ್ ಮಾಡಿಕೊಡ್ತೀನಿ ಅಂತ ಒಬ್ಬ ಕೂಗುತ್ತಿರುತ್ತಾನೆ. ನಿನ್ನ ಕವಚಕ್ಕೆ ಫ್ರೀಯಾಗಿ ಚಿನ್ನದ ಅಂಚು ಕಟ್ಟಿಕೊಡ್ತೀನಿ ಅಂತ ಇನ್ನೊಬ್ಬ. ಕೊಡುಕೊಳ್ಳುವ ಕಿಟಕಿಯಲ್ಲಿ ಕೊನೇ ಗಳಿಗೆಗೆ ವಸ್ತು ಬದಲಾಯಿಸುವವನು ಮತ್ತೊಬ್ಬ. ಇವರನ್ನೆಲ್ಲ ನೋಡಿ ನಾನು ನಗುತ್ತಿದ್ದೆ. ಹೊಸಬರು ಬಿದ್ದರೆ ‘ಅಯ್ಯೋ, ಅಷ್ಟೂ ಗೊತ್ತಾಗಲ್ವಾ’ ಅಂತಿದ್ದೆ.

ನನ್ನ ಹತ್ತಿರ ಬಂದವನು ಏನನ್ನೂ ಕೂಗಲಿಲ್ಲ. ಒಂದು ಕ್ಲಾನ್ ಚಾಟ್‌ನಲ್ಲಿ, ಅಂದರೆ ಆಟಗಾರರ ಗುಂಪಿನ ಹರಟೆಯಲ್ಲಿ ಪರಿಚಯವಾದ. ಎರಡು ವಾರ ಏನೂ ಕೇಳಲಿಲ್ಲ. ನನಗೆ ಬಾಸ್‌ಗಳನ್ನು, ಅಂದರೆ ದೊಡ್ಡ ದೊಡ್ಡ ರಾಕ್ಷಸರನ್ನು ಹೊಡೆಯುವ ಪಟ್ಟು ಹೇಳಿಕೊಟ್ಟ. ಯಾವ ಕ್ಷಣದಲ್ಲಿ ಯಾವ ಪ್ರೇಯರ್ (ಸ್ವಲ್ಪ ಹೊತ್ತು ಕಾಯುವ ಅಥವಾ ಬಲ ಕೊಡುವ ಪ್ರಾರ್ಥನೆ) ಹಾಕಬೇಕು ಅಂತ ತಾಳ್ಮೆಯಿಂದ ಕೂತು ಕಲಿಸಿದ. ಒಂದು ಸಲ ಸೂಪರ್ ಕೊಂಬ್ಯಾಟ್ ಪೋಷನ್ ಹಾಗೇ ಕೊಟ್ಟ. ನಾನು ಬೆಂಗಳೂರಿನವನು ಅಂದಿದ್ದು ನೆನಪಿಟ್ಟುಕೊಂಡಿದ್ದ. ‘ನಿಮ್ಮಲ್ಲಿ ಈಗ ರಾತ್ರಿ ಎರಡು ಗಂಟೆ ಅಲ್ವಾ, ಹೋಗಿ ಮಲಗು’ ಅಂತಿದ್ದ. ಇಂಥವನ ಮೇಲೆ ಅನುಮಾನ ಹೇಗೆ ಬರುತ್ತೆ ಹೇಳಿ.

ಈಗ ಹಿಂದಿರುಗಿ ನೋಡಿದರೆ ಮೂರು ಕಡೆ ಗಂಟೆ ಬಾರಿಸಿತ್ತು. ನನಗೆ ಕೇಳಿಸಲಿಲ್ಲ.

ಒಂದು, ಆಟದಲ್ಲಿ ಸಾಮಾನು ಇಡುವ ಬ್ಯಾಂಕಿನ ಸ್ಕ್ರೀನ್‌ಶಾಟ್ ಕೇಳಿದ್ದ. ‘ನಿನ್ನ ಹತ್ತಿರ ಏನಿದೆ ನೋಡಿದರೆ ಮುಂದೆ ಏನು ಕೊಳ್ಳಬೇಕು ಹೇಳ್ತೀನಿ’ ಅಂದ. ಆಟ ಆಡೋಕೆ ರೂನ್‌ಲೈಟ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡವರಿಗೆ ಗೊತ್ತು, ಬ್ಯಾಂಕ್ ತೆಗೆದರೆ ಮೇಲೆ ಒಟ್ಟು ಬೆಲೆಯೂ ಕಾಣುತ್ತೆ. ನಾನು ಹೆಮ್ಮೆಯಿಂದ ಕಳಿಸಿದೆ. ಕಳ್ಳನಿಗೆ ಬೀರು ಬಾಗಿಲು ತೆಗೆದು ತೋರಿಸಿದ ಹಾಗೆ.

ಎರಡು, ಸೆಟ್ಟಿಂಗ್ಸ್‌ನಲ್ಲಿ ಪಿಕೆ ಸ್ಕಲ್ ಪ್ರಿವೆನ್ಷನ್ ಆಫ್ ಮಾಡಿಸಿದ. ನಾವಾಗಿ ಬೇರೆ ಆಟಗಾರನ ಮೇಲೆ ಮೊದಲು ಕೈ ಮಾಡದಂತೆ ತಡೆಯೋದು ಅದು. ‘ಮಿನಿಗೇಮ್‌ನಲ್ಲಿ ಕ್ಲಿಕ್ ಸರಿಯಾಗಿ ಬೀಳಲ್ಲ, ತೆಗೆದುಬಿಡು’ ಅಂದ. ಹತ್ತು ಬದಲಾವಣೆ ಹೇಳಿದ್ದರಲ್ಲಿ ಇದೂ ಒಂದು. ಉಳಿದ ಒಂಬತ್ತು ನಿಜವಾಗಿಯೂ ಉಪಯೋಗಕ್ಕೆ ಬಂದವು, ಅದೇ ತಮಾಷೆ.

ಮೂರು, ಕಿಂಗ್ ಬ್ಲ್ಯಾಕ್ ಡ್ರ್ಯಾಗನ್ ಹೊಡೆಯೋಣ ಬಾ ಅಂದ. ಮೂರು ತಲೆ, ಲೆವೆಲ್ 276. ಅದರ ಗುಹೆಗೆ ಹೋಗೋದು ವೈಲ್ಡರ್ನೆಸ್ ದಾಟಿ. ವೈಲ್ಡರ್ನೆಸ್ ಅಂದರೆ ನಕ್ಷೆಯ ಉತ್ತರದ ಬೆಂಗಾಡು. ಅಲ್ಲಿ ಬೇರೆ ಆಟಗಾರರು ನಿಮ್ಮನ್ನು ಕೊಂದು ನಿಮ್ಮ ಸಾಮಾನು ಹೊತ್ತೊಯ್ಯಬಹುದು, ಅದೇ ಆ ಜಾಗದ ನಿಯಮ. ನನಗೆ ಅಳುಕಿತ್ತು. ಅದಕ್ಕೆ ಅವನು, ‘ಗುಹೆ ಒಳಗೆ ಸೇಫ್, ಅಲ್ಲಿ ಯಾರೂ ಯಾರನ್ನೂ ಮುಟ್ಟೋಕಾಗಲ್ಲ’ ಅಂದ. ನಾನು ಹುಡುಕಿ ನೋಡಿದೆ. ಮಾತು ಪೂರ್ತಿ ನಿಜ. ಗುಹೆ ಒಳಗೆ ಆಟಗಾರರ ಜಗಳ ನಡೆಯೋದಿಲ್ಲ. ಆದರೆ ಗುಹೆಗೆ ಇಳಿಯುವ ಏಣಿ ಇರೋದು 42ನೇ ಲೆವೆಲ್‌ನ ವೈಲ್ಡರ್ನೆಸ್‌ನಲ್ಲಿ. ಉತ್ತರಕ್ಕೆ ಹೋದಷ್ಟೂ ಈ ಲೆವೆಲ್ ಏರುತ್ತೆ. ದಾರಿಯ ವಿಷಯ ಅವನು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಸಾಮಾನು ಏನು ತರಬೇಕು ಅಂತ ಕೇಳಿದ್ದಕ್ಕೆ, ಡ್ರ್ಯಾಗನ್ ಹಂಟರ್ ಕ್ರಾಸ್‌ಬೋ ತಾ ಅಂದ. ಇದೂ ಸರಿಯೇ, ಡ್ರ್ಯಾಗನ್‌ಗಳ ಮೇಲೆ ಅದರ ಏಟು ಜಾಸ್ತಿ. ಜೊತೆಗೆ ಆರ್ಮಡಿಲ್‌ನ ಎದೆಕವಚ, ಆರ್ಮಡಿಲ್‌ನ ಸ್ಕರ್ಟ್. ಇಲ್ಲಿ ನನ್ನ ಜಾಣತನ ಕೆಲಸ ಮಾಡಿತು ನೋಡಿ. ವೈಲ್ಡರ್ನೆಸ್‌ನಲ್ಲಿ ಸತ್ತರೂ ಅತಿ ಬೆಲೆಯ ಮೂರು ವಸ್ತು ನಿಮ್ಮ ಹತ್ತಿರವೇ ಉಳಿಯುತ್ತವೆ. ನನ್ನ ಬೆಲೆಬಾಳುವ ವಸ್ತು ಸರಿಯಾಗಿ ಮೂರೇ. ಉಳಿದದ್ದು ಅಗ್ಗದ ಆ್ಯಂಟಿ ಡ್ರ್ಯಾಗನ್ ಶೀಲ್ಡ್, ಪೋಷನ್, ಶಾರ್ಕ್. ಹೋದರೆ ಚಿಲ್ಲರೆ ಹೋಗುತ್ತೆ, ಬಿಡು ಅಂದುಕೊಂಡೆ. ಈ ಲೆಕ್ಕ ನಾನು ಹಾಕೇ ಹಾಕ್ತೀನಿ ಅಂತ ಅವನಿಗೆ ಗೊತ್ತಿತ್ತು. ಹೊಸಬ ಆಗಿದ್ದರೆ ಹೆದರಿ ಮನೆಯಲ್ಲೇ ಉಳಿಯುತ್ತಿದ್ದ.

ಎಡ್ಜ್‌ವಿಲ್ ಊರಿನಲ್ಲಿ ಒಂದು ಲಿವರ್ ಇದೆ. ಎಳೆದರೆ ಎಚ್ಚರಿಕೆ ಬರುತ್ತೆ, ವೈಲ್ಡರ್ನೆಸ್‌ನ ಒಳಗೆ ಬಹಳ ದೂರ ಹೋಗಿ ಬೀಳ್ತೀಯ ಅಂತ. ಓದದೆ ಹೌದು ಒತ್ತಿದೆ. ಆ ಕಡೆ ಪಾಳುಬಿದ್ದ ಕೋಟೆ. ಬಾಗಿಲಿಗೆ ಜೇಡರ ಬಲೆ, ಕತ್ತರಿಸಿಕೊಂಡು ಹೊರಗೆ ಬಂದೆವು. 50ಕ್ಕಿಂತ ಮೇಲಿನ ಲೆವೆಲ್ ಅದು. ಎಷ್ಟನೇ ಲೆವೆಲ್ ವೈಲ್ಡರ್ನೆಸ್‌ನಲ್ಲಿ ಇದ್ದೀರೋ ನಿಮ್ಮ ಕೊಂಬ್ಯಾಟ್ ಲೆವೆಲ್‌ಗೆ ಅಷ್ಟು ಮೇಲೆ, ಅಷ್ಟು ಕೆಳಗೆ ಇರುವ ಯಾರು ಬೇಕಾದರೂ ನಿಮ್ಮನ್ನು ಹೊಡೆಯಬಹುದು. ಅಂದರೆ ಅಲ್ಲಿ ಹೆಚ್ಚು ಕಡಿಮೆ ಎಲ್ಲರೂ. ಮಾಮೂಲಿ ಟೆಲಿಪೋರ್ಟ್ 20ರ ಮೇಲೆ ಕೆಲಸ ಮಾಡಲ್ಲ. ಗ್ಲೋರಿ ತಾಯತ ಇದ್ದರೆ 30ರವರೆಗೆ. ನಾವಿದ್ದ ಕಡೆ ಎರಡೂ ದಂಡ.

ಅವನು ಮುಂದೆ, ನಾನು ಹಿಂದೆ. ಸ್ವಲ್ಪ ದೂರ ಓಡಿ ಮಲ್ಟಿ ಜಾಗಕ್ಕೆ ಬಂದೆವು. ಮಲ್ಟಿ ಅಂದರೆ ಒಬ್ಬನ ಮೇಲೆ ಹಲವರು ಬೀಳಬಹುದು. ಅಷ್ಟರಲ್ಲಿ ಪಕ್ಕದಿಂದ ಯಾರೋ ಬಂದು ನನ್ನ ಗೆಳೆಯನ ಮೇಲೆ ಬಾಣ ಬಿಟ್ಟ. ‘ಹೊಡಿ ಹೊಡಿ, ನಾನು ಸಾಯ್ತಿದೀನಿ’ ಅಂತ ಚಾಟ್ ಬಂತು. ಎರಡು ವಾರ ಕಲಿಸಿದವನು, ಬಿಟ್ಟು ಓಡೋಕಾಗುತ್ತಾ? ಕ್ಲಿಕ್ ಮಾಡಿದೆ.

ನನ್ನ ತಲೆ ಮೇಲೆ ಬಿಳಿ ಬುರುಡೆ ಬಂತು.

ಆ ಬುರುಡೆ ಏನು ಅಂತ ಗೊತ್ತಿಲ್ಲದವನು ನಾನಲ್ಲ. ನಿಮ್ಮನ್ನು ಮುಟ್ಟದೇ ಇದ್ದವನನ್ನು ನೀವೇ ಮೊದಲು ಹೊಡೆದರೆ ಅದು ಬರುತ್ತೆ. ಅವನು ಹೊಡೆದಿದ್ದು ನನ್ನ ಗೆಳೆಯನನ್ನು, ನನ್ನನ್ನಲ್ಲ. ಬುರುಡೆ ಬಂದರೆ ಮೂರು ವಸ್ತುವಿನ ರಕ್ಷಣೆ ಸೊನ್ನೆ. ಸ್ಕಲ್ ಪ್ರಿವೆನ್ಷನ್ ಆನ್ ಇದ್ದಿದ್ದರೆ ಆ ಕ್ಲಿಕ್ಕೇ ಬೀಳುತ್ತಿರಲಿಲ್ಲ.

ಈ ಆಟದ ಗಡಿಯಾರ 0.6 ಸೆಕೆಂಡಿಗೆ ಒಂದು ಹೆಜ್ಜೆ ಇಡುತ್ತೆ. ಅದಕ್ಕೆ ಟಿಕ್ ಅಂತಾರೆ. ಬುರುಡೆ ಬಂದ ಮೇಲೆ ಎರಡೋ ಮೂರೋ ಟಿಕ್, ಅಷ್ಟೇ. ಐಸ್ ಬ್ಯಾರೇಜ್ ಮಂತ್ರ ಬಿದ್ದು ಕಾಲು ಕಟ್ಟಿಹೋಯಿತು, ಸುಮಾರು 20 ಸೆಕೆಂಡ್ ಕದಲೋ ಹಾಗಿಲ್ಲ. ಟೆಲಿಪೋರ್ಟ್ ತಡೆಯುವ ಐದು ನಿಮಿಷದ ಟೆಲಿ ಬ್ಲಾಕ್ ಬಿತ್ತು. ಎಲ್ಲಿದ್ದರೋ, ಇನ್ನೂ ಮೂವರು ಬಂದರು. ಒಂದು ಶಾರ್ಕ್ ತಿಂದರೆ 20 ಜೀವ ಬರುತ್ತೆ, ಒಂದು ಟಿಕ್‌ಗೆ 40 ಹೋಗುತ್ತಿತ್ತು. ಪ್ರೊಟೆಕ್ಟ್ ಐಟಂ ಅನ್ನುವ ಪ್ರೇಯರ್ ಹಾಕಿದ್ದರೆ ಕ್ರಾಸ್‌ಬೋ ಒಂದಾದರೂ ಉಳಿಯುತ್ತಿತ್ತೇನೋ. 25ನೇ ಲೆವೆಲ್‌ಗೇ ಸಿಗುವಂಥದ್ದು. ಗಾಬರಿಯಲ್ಲಿ ನೆನಪೇ ಆಗಲಿಲ್ಲ. ಗೆಳೆಯನ ಕಡೆ ನೋಡಿದೆ. ಅವನಿಗೆ ಯಾರೂ ಹೊಡೆಯುತ್ತಿರಲಿಲ್ಲ. ಸುಮ್ನೆ ನಿಂತಿದ್ದ. ಆಮೇಲೆ ಒಂದೇ ಪದ ಟೈಪ್ ಮಾಡಿದ: ‘ಸಿಟ್’. ವೈಲ್ಡರ್ನೆಸ್‌ನಲ್ಲಿ ಸೋತವನಿಗೆ ಹಾಗೇ ಅನ್ನೋದು, ಕೂತ್ಕೋ ಅಂತ.

‘ಓ ಡಿಯರ್, ಯು ಆರ್ ಡೆಡ್’ ಅಂತ ಬಂತು. ಕಣ್ಣು ಬಿಟ್ಟಿದ್ದು ಲಂಬ್ರಿಜ್‌ನಲ್ಲಿ, ಹೊಸಬರು ಆಟ ಶುರು ಮಾಡುವ ಅದೇ ಊರಲ್ಲಿ. ಪಕ್ಕದಲ್ಲಿ ಯಾರೋ ಒಬ್ಬ ಕಂಚಿನ ಕತ್ತಿ ಹಿಡಿದುಕೊಂಡು ಗಾಬ್ಲಿನ್ ಹುಡುಕುತ್ತಿದ್ದ.

ದೂರು ಕೊಟ್ಟೆ. ಹೀಗೆ ಕಳೆದುಕೊಂಡದ್ದನ್ನು ಆಟ ನಡೆಸುವವರು ವಾಪಸ್ ಕೊಡೋದಿಲ್ಲ, ಅದನ್ನೂ ತಿಳಿದೇ ಕೊಟ್ಟಿದ್ದು.

ಇಲ್ಲಿಗೆ ಮುಗಿಯಲಿಲ್ಲ. ಮಾರನೇ ದಿನ ಗುರುತಿಲ್ಲದವನೊಬ್ಬ ಮೆಸೇಜ್ ಮಾಡಿದ. ‘ನಿನಗೆ ಮೋಸ ಮಾಡಿದವನನ್ನು ನಾವೂ ಹುಡುಕ್ತಾ ಇದೀವಿ, ಡಿಸ್ಕಾರ್ಡ್‌ಗೆ ಬಾ, ವಸ್ತು ವಾಪಸ್ ಕೊಡಿಸ್ತೀವಿ.’ ಹೋದೆ. ನಾಚಿಕೆ ಬಿಟ್ಟು ಹೇಳ್ತೀನಿ, ಹೋದೆ. ಅಲ್ಲಿ ವೆರಿಫೈ ಮಾಡು ಅಂತ ಒಂದು ಲಿಂಕ್, ಒತ್ತಿದರೆ ಆಟದ ಲಾಗಿನ್ ಪುಟದಂತೆಯೇ ಕಾಣುವ ಪುಟ. ಪಾಸ್‌ವರ್ಡ್ ಅರ್ಧ ಟೈಪ್ ಮಾಡಿದ ಮೇಲೆ ವಿಳಾಸದಲ್ಲಿ ಒಂದು ಅಕ್ಷರ ಜಾಸ್ತಿ ಇರೋದು ಕಂಡಿತು. ನಾನು ಕಳೆದುಕೊಂಡ ಸುದ್ದಿ ಅವನಿಗೆ ಹೇಗೆ ಗೊತ್ತಾಯಿತು ಅಂತ ಆಮೇಲೆ ಯೋಚಿಸಿದೆ. ಆ ದೂರು ಬಿಟ್ಟರೆ ನಾನು ಯಾರಿಗೂ ಹೇಳಿರಲಿಲ್ಲ.

ಈಗ ಏನು ಮಾಡ್ತಿದೀನಿ ಅಂತ ಕೇಳಿದರೆ, ಸ್ಕಲ್ ಪ್ರಿವೆನ್ಷನ್ ಆನ್. ಆಟಗಾರರ ಮೇಲಿನ ಅಟ್ಯಾಕ್ ಆಯ್ಕೆ ಹಿಡನ್. ಊರು ಬಿಡುವ ಮೊದಲು ಸತ್ತರೆ ಏನೇನು ಉಳಿಯುತ್ತೆ ಅಂತ ತೋರಿಸುವ ಕಿಟಕಿ ತೆಗೆದು, ಬುರುಡೆ ಇದ್ದರೆ ಅನ್ನೋದನ್ನೂ ಒತ್ತಿ ನೋಡ್ತೀನಿ. ಆಗ ಕಾಣೋದೇ ನಿಜವಾದ ಲೆಕ್ಕ. ಬ್ಯಾಂಕ್ ಚಿತ್ರ ಅಮ್ಮನಿಗೂ ತೋರಿಸಲ್ಲ. ನಿಮ್ಮಲ್ಲಿ ಯಾರಾದರೂ ಇಂಥ ‘ವಾಪಸ್ ಕೊಡಿಸುವವರಿಗೆ’ ನಿಜವಾದ ರೂಪಾಯಿ ಕಳಿಸಿದ್ದರೆ, ನಾಚಿಕೊಂಡು ಕೂರದೆ ಆ ದಿನವೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅವನ ಹೆಸರನ್ನು ಫ್ರೆಂಡ್ಸ್ ಲಿಸ್ಟ್‌ನಿಂದ ನಾನಿನ್ನೂ ತೆಗೆದಿಲ್ಲ. ಮೊನ್ನೆ ರಾತ್ರಿ ಎರಡು ಗಂಟೆಗೆ ನೋಡಿದೆ, ಆನ್‌ಲೈನ್ ಇದ್ದ. ಯಾರಿಗೋ ಪ್ರೇಯರ್ ಹಾಕೋದು ಕಲಿಸುತ್ತಿದ್ದನೇನೋ.